ಕಂಡೆನ್ಸರ್ ಹೋಗಿದೆ, ಅಷ್ಟೇ

ನಮ್ಮೂರ ಕಡೆ ಯಾವ ಮಷೀನು ಕೈಕೊಟ್ಟರೂ ಮೊದಲು ಬರೋ ಮಾತು ಒಂದೇ: "ಕಂಡೆನ್ಸರ್ ಹೋಗಿರ್ಬೇಕು ನೋಡು." ಫ್ಯಾನು ನಿದ್ದೆಗಣ್ಣಲ್ಲಿ ತಿರುಗ್ತಾ ಇದ್ಯಾ? ಕಂಡೆನ್ಸರ್. ತೋಟದ ಸಿಂಗಲ್ ಫೇಸ್ ಪಂಪು ಗುಂಯ್ ಅನ್ನುತ್ತಾ ತಿರುಗದೆ ನಿಂತಿದ್ಯಾ? ಕಂಡೆನ್ಸರ್. ಹಾಗೆ ಹೇಳುವವರಿಗೆ ಅದರೊಳಗೆ ಏನಿದೆ ಅಂತ ಗೊತ್ತಿರಬೇಕು ಅಂತೇನಿಲ್ಲ. ಆದರೂ ಹೆಚ್ಚಿನ ಸಲ ಅವರ ಮಾತು ಸರಿಯಾಗಿಯೇ ಇರುತ್ತೆ.

ನಾನು ಬಿಇ ಎಲೆಕ್ಟ್ರಾನಿಕ್ಸ್ ಸೇರಿದಾಗ ಅದರ ಹೆಸರು ಕೆಪ್ಯಾಸಿಟರ್ ಆಯ್ತು. ಕ್ಲಾಸಿನಲ್ಲಿ ಯಾರೋ ಒಬ್ಬ ಹಳ್ಳಿ ಹುಡುಗ ಬಾಯಿತಪ್ಪಿ ಕಂಡೆನ್ಸರ್ ಅಂದಾಗ ಹಿಂದಿನ ಬೆಂಚು ಪೂರ್ತಿ ನಕ್ಕಿತ್ತು. ಹಾಫ್ ವೇವ್ ರೆಕ್ಟಿಫೈಯರಿನ ರಿಪಲ್ ಫ್ಯಾಕ್ಟರ್ 1.21, ಫುಲ್ ವೇವಿನದ್ದು 0.48 ಅಂತ ಉರು ಹೊಡೆದು, ಬರೆದು, ಪಾಸಾಗಿ, ಆಮೇಲೆ ಎಲ್ಲರ ಹಾಗೆ ಜಾವಾ ಬರೆಯೋಕೆ ಹೋದೆವು. ಆ ಸಂಖ್ಯೆಗಳು ನಿಜವಾಗಿ ಏನು ಅಂತ ಕಿವಿಯಲ್ಲಿ ಕೇಳಿದ್ದು ಮಾತ್ರ ಈ ವರ್ಷ. ಅದೂ ಕ್ಯಾಲಿಫೋರ್ನಿಯಾದಲ್ಲಿ, ಪಕ್ಕದ ಮನೆಯ ಅಜ್ಜನ ಗರಾಜಿನಲ್ಲಿ, 1972ನೇ ಇಸವಿಯ ಒಂದು ಗಿಟಾರ್ ಆಂಪ್ಲಿಫೈಯರಿನೊಳಗೆ.

ಮೊದಲು ಆ ಪೆಟ್ಟಿಗೆಯ ಪರಿಚಯ ಮಾಡಿಸಿಬಿಡ್ತೀನಿ. ಫೆಂಡರ್ ಪ್ರಿನ್ಸ್‌ಟನ್ ರಿವರ್ಬ್ ಅಂತ ಅದರ ಹೆಸರು. ಹನ್ನೆರಡು ವ್ಯಾಟು, ಹತ್ತು ಇಂಚಿನ ಒಂದು ಸ್ಪೀಕರು, ಹಿಂದುಗಡೆಯಿಂದ ನೋಡಿದರೆ ಸಾಲಾಗಿ ಏಳು ವಾಲ್ವುಗಳು. ಮುಂದೆ ಬೆಳ್ಳಿ ಬಣ್ಣದ ಪಟ್ಟಿ, ಅದರ ಮೇಲೆ ನೀಲಿ ಅಕ್ಷರ, ಮೂಲೆಯಲ್ಲಿ ಕೆಂಪು ಹರಳಿನಂಥ ಒಂದು ದೀಪ. ನಮ್ಮೂರ ಜಾತ್ರೆಯ ಹಳೇ ಮೈಕ್ ಸೆಟ್ಟು ನೋಡಿದವರಿಗೆ ಈ ಜಾತಿ ಗೊತ್ತು. ಸ್ವಿಚ್ ಹಾಕಿ ಒಂದರ್ಧ ನಿಮಿಷ ಕಾಯಬೇಕು, ಒಳಗೆ ಕೆಂಪಗೆ ಕೆಂಡ ಕಾಣಬೇಕು, ಆಮೇಲಷ್ಟೇ "ಹಲೋ ಮೈಕ್ ಟೆಸ್ಟಿಂಗ್." ರೇಡಿಯೋ, ಟಿವಿ, ಮೈಕ್ ಸೆಟ್ಟು ಎಲ್ಲವೂ ವಾಲ್ವು ಬಿಟ್ಟು ಟ್ರಾನ್ಸಿಸ್ಟರಿಗೆ ಹೋಗಿ ಯಾವ ಕಾಲವಾಯಿತೋ. ಗಿಟಾರಿನವರು ಮಾತ್ರ ಬಿಡಲಿಲ್ಲ. ವಾಲ್ವನ್ನು ಅದರ ಶಕ್ತಿ ಮೀರಿ ದುಡಿಸಿದಾಗ ದನಿ ಒಡೆಯುತ್ತಲ್ಲ, ಆ ಒಡಕು ಕಿವಿಗೆ ಹಿತವಾಗಿರುತ್ತೆ. ಅವರಿಗೆ ಬೇಕಾದದ್ದು ಆ ಒಡಕೇ.

ಇದನ್ನು ಮಾಡಿದವನ ಕತೆ ನನಗೆ ಇಷ್ಟ. ಲಿಯೋ ಫೆಂಡರ್ 1909ರಲ್ಲಿ ಹುಟ್ಟಿದ್ದು ಇದೇ ಆರೆಂಜ್ ಕೌಂಟಿಯಲ್ಲಿ, ಅಪ್ಪ ಅಮ್ಮನ ಕಿತ್ತಳೆ ತೋಟದಲ್ಲಿ. ಓದಿದ್ದು ಅಕೌಂಟ್ಸು. ಕೈಹಿಡಿದದ್ದು ರೇಡಿಯೋ ರಿಪೇರಿ. 1938ರಲ್ಲಿ ಫುಲ್ಲರ್‌ಟನ್ ಅನ್ನೋ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಹಾಕಿದ, 1946ರಲ್ಲಿ ತನ್ನ ಹೆಸರಿನ ಕಂಪನಿ ಮಾಡಿದ, 1965ರಲ್ಲಿ ಅದನ್ನು ಸಿಬಿಎಸ್ ಕಂಪನಿಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿದ. ಜಗತ್ತಿಗೆಲ್ಲ ಗಿಟಾರು ಮಾಡಿಕೊಟ್ಟ ಈ ಮನುಷ್ಯನಿಗೆ ಗಿಟಾರು ನುಡಿಸೋಕೆ ಬರ್ತಿರಲಿಲ್ಲ! ಆದರೆ ರಿಪೇರಿ ಗೊತ್ತಿತ್ತು. ರಿಪೇರಿಯವನು ಡಿಸೈನ್ ಮಾಡಿದ ವಸ್ತುವನ್ನು ಬಿಚ್ಚಿದ ಕೂಡಲೇ ಗೊತ್ತಾಗುತ್ತೆ ಮಾರಾಯ್ರೆ. ಒಳಗೆ ಕೈ ಹೋಗೋಕೆ ಜಾಗ ಇರುತ್ತೆ, ಯಾವ ತಂತಿ ಎಲ್ಲಿಗೆ ಹೋಗುತ್ತೆ ಅಂತ ಕಣ್ಣಿಗೆ ಕಾಣುತ್ತೆ.

ಮತ್ತೆ ಆ ಕಾಲದ ಅಮೆರಿಕದ ರೇಡಿಯೋ ಪುಸ್ತಕಗಳಲ್ಲಿ ಕೆಪ್ಯಾಸಿಟರನ್ನು ಏನಂತ ಬರೀತಿದ್ರು ಗೊತ್ತಾ? ಕಂಡೆನ್ಸರ್. ನಮ್ಮೂರಿನವರ ಬಾಯಲ್ಲಿದ್ದದ್ದು ತಪ್ಪು ಪದವಲ್ಲ, ಹಳೇ ಪದ. ಹಿಂದಿನ ಬೆಂಚಿನವರು ಇದನ್ನು ಓದುತ್ತಿದ್ದರೆ ಗಮನಿಸಬೇಕಾಗಿ ವಿನಂತಿ.

ಅಜ್ಜನಿಗೆ ಎಪ್ಪತ್ನಾಲ್ಕು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಇದನ್ನು ಹೊಸದಾಗಿ ಕೊಂಡಿದ್ದರಂತೆ. ಸುಮಾರು ವರ್ಷ ವಾರಕ್ಕೊಂದು ಸಲ ಯಾವುದೋ ಹೋಟೆಲಿನಲ್ಲಿ ನುಡಿಸಿದರು, ಆಮೇಲೆ ಮನೆಯಲ್ಲಿ ಮಾತ್ರ, ಕೊನೆಕೊನೆಗೆ ಬೆರಳುಗಳ ಗಂಟು ಬಿಗಿದು ಅದೂ ನಿಂತಿತು. ಹತ್ತು ವರ್ಷದಿಂದ ಪೆಟ್ಟಿಗೆ ಕಂಬಳಿ ಹೊದ್ದು ಕೂತಿತ್ತು. ಈಗ ಮೊಮ್ಮಗಳು ಕಾಲೇಜಿಗೆ ಹೊರಟಿದ್ದಾಳೆ. ಅವಳು ಗಿಟಾರು ನುಡಿಸುತ್ತಾಳೆ, ಚೆನ್ನಾಗಿ ನುಡಿಸುತ್ತಾಳೆ. ಆಗಸ್ಟಿನಲ್ಲಿ ಹಾಸ್ಟೆಲಿಗೆ ಹೋಗುವಾಗ ಇದನ್ನು ಒಯ್ಯಬೇಕು ಅಂತ ಇಬ್ಬರ ನಡುವೆ ಮಾತಾಗಿದೆ. ನಾನು ಎಲೆಕ್ಟ್ರಾನಿಕ್ಸ್ ಓದಿದವನು ಅಂತ ತಿಳಿದ ದಿನವೇ ಅಜ್ಜ ಕರೆದರು. "ಸ್ವಲ್ಪ ಗುಂಯ್ ಅಂತಿದೆ, ಬಂದು ಕೇಳ್ತೀಯಾ?"

ಸ್ವಲ್ಪ ಅಲ್ಲ. ಗಿಟಾರಿನ ವಯರು ಚುಚ್ಚದೆ, ವಾಲ್ಯೂಮು ಸೊನ್ನೆಯಲ್ಲಿಟ್ಟರೂ ಶ್ರುತಿಪೆಟ್ಟಿಗೆ ಇಟ್ಟ ಹಾಗೆ ಒಂದೇ ಸಮ ದನಿ. ಮೊಬೈಲಿನಲ್ಲಿ ಫ್ರೀಕ್ವೆನ್ಸಿ ತೋರಿಸೋ ಆ್ಯಪ್ ತೆರೆದು ಹಿಡಿದೆ. 120 ಹರ್ಟ್ಸ್‌ನಲ್ಲಿ ಗೋಪುರದ ಹಾಗೆ ಎದ್ದು ನಿಂತಿತ್ತು.

ಈ ಸಂಖ್ಯೆ ಮುಖ್ಯ. ಅಮೆರಿಕದ ಕರೆಂಟು 60 ಹರ್ಟ್ಸು. ದನಿ 60ರಲ್ಲಿ ಬಂದರೆ ಅರ್ತಿಂಗಿನದ್ದೋ ವಾಲ್ವಿನ ಹೀಟರಿನದ್ದೋ ತಕರಾರು. 120ರಲ್ಲಿ ಬಂದರೆ ರೆಕ್ಟಿಫೈಯರ್ ದಾಟಿ ಬಂದದ್ದು. ಫುಲ್ ವೇವ್ ರೆಕ್ಟಿಫೈಯರು ಒಂದು ಅಲೆಯ ಎರಡೂ ಮಗ್ಗುಲನ್ನು ಒಂದೇ ಕಡೆಗೆ ಮಡಚುತ್ತಲ್ಲ, ಹಾಗಾಗಿ ಇಮ್ಮಡಿ. ನಮ್ಮಲ್ಲಾದರೆ 50ಕ್ಕೆ 100. ಸಂಗೀತದ ಲೆಕ್ಕದಲ್ಲಿ ನಮ್ಮ ಗುಂಯ್ ಸುಮಾರಾಗಿ ಜಿ ಸ್ವರದ ಹತ್ತಿರ ಬರುತ್ತೆ. ಅಮೆರಿಕದ್ದು ಎ ಶಾರ್ಪಿಗೂ ಬಿಗೂ ಸರಿಯಾಗಿ ಮಧ್ಯದಲ್ಲಿ, ಎರಡು ತೋಟದ ನಡುವಿನ ಬೇಲಿ ಮೇಲೆ ಕೂತ ಹಾಗೆ. ಯಾವ ಸ್ವರ ನುಡಿಸಿದರೂ ಅದಕ್ಕೆ ಹೊಂದಲ್ಲ. ಕಿವಿ ಇರೋರಿಗೆ ಹಿಂಸೆ ಆಗೋದು ಅದಕ್ಕೇ.

ಇಷ್ಟಕ್ಕೂ ಆ ಕಂಡೆನ್ಸರ್ ಅಲ್ಲಿ ಮಾಡ್ತಾ ಇರೋದೇನು? ನಿಮ್ಮ ಅಪಾರ್ಟ್‌ಮೆಂಟಿನ ಮೇಲೆ ನೀರಿನ ಟ್ಯಾಂಕು ಇದೆಯಲ್ಲ, ಅದೇ. ನಮ್ಮ ತೋಟಕ್ಕೆ ತ್ರೀ ಫೇಸ್ ಕರೆಂಟು ಬರ್ತಿದ್ದದ್ದು ದಿನಕ್ಕೆ ಕೆಲವೇ ಗಂಟೆ, ಅದೂ ಯಾವಾಗ ಅಂತಿಲ್ಲ. ಬಂದಾಗ ಪಂಪು ಓಡಿಸಿ ತೊಟ್ಟಿ ತುಂಬಿಸಿಕೊಂಡರೆ ಮನೆ ನಲ್ಲಿಯಲ್ಲಿ ಇಡೀ ದಿನ ಒಂದೇ ಸಮ ನೀರು. ರೆಕ್ಟಿಫೈಯರು ಕೂಡ ನಮ್ಮ ಪಂಪಿನ ಹಾಗೆಯೇ. ಸೆಕೆಂಡಿಗೆ 120 ಸಲ ಒಂದೊಂದು ಬೊಗಸೆ ಎತ್ತಿ ಹಾಕುತ್ತೆ, ನಡುವೆ ಸುಮ್ಮನಿರುತ್ತೆ. ಆ ಬೊಗಸೆಗಳನ್ನು ಹಿಡಿದಿಟ್ಟು ಸಮನಾಗಿ ಹರಿಸೋದು ಫಿಲ್ಟರ್ ಕಂಡೆನ್ಸರಿನ ಕೆಲಸ. ಈ ಪೆಟ್ಟಿಗೆಯಲ್ಲಿ ಅಂಥ ನಾಲ್ಕು ತೊಟ್ಟಿಗಳು, 20 ಮೈಕ್ರೋಫ್ಯಾರಡ್‌ನವು, ಒಂದರಿಂದ ಇನ್ನೊಂದಕ್ಕೆ ಸಣ್ಣ ಕೊಳವೆಯ ಹಾಗೆ ರೆಸಿಸ್ಟರುಗಳು. ಮೊದಲನೆಯ ತೊಟ್ಟಿಯಲ್ಲಿ ಅಲೆ ಜಾಸ್ತಿ, ಎರಡನೆಯದರಲ್ಲಿ ಕಡಿಮೆ, ಕೊನೆಯದರಲ್ಲಿ ನೀರು ಕನ್ನಡಿ. ಗಿಟಾರಿನ ತೀರಾ ಸಣ್ಣ ಸಿಗ್ನಲ್ಲನ್ನು ಮೊದಲು ಹಿಡಿಯುವ ವಾಲ್ವಿಗೆ ಆ ಕನ್ನಡಿಯಂಥ ನೀರೇ ಬೇಕು. ಕೊನೆಯ ಎರಡು ದೊಡ್ಡ ವಾಲ್ವುಗಳಿಗೆ ಸ್ವಲ್ಪ ಅಲೆ ಇದ್ದರೂ ನಡೆಯುತ್ತೆ. ಅವು ಎದುರುಬದುರು ದುಡಿಯುವ ಜೋಡಿ, ಇಬ್ಬರಿಗೂ ಸಮನಾಗಿ ಬಂದ ಗುಂಯ್ ಟ್ರಾನ್ಸ್‌ಫಾರ್ಮರಿನಲ್ಲಿ ಒಂದನ್ನೊಂದು ಹೊಡೆದುಹಾಕುತ್ತೆ.

ನಾಲ್ಕೂ ತೊಟ್ಟಿಗಳು ಒಂದೇ ಅಲ್ಯುಮಿನಿಯಂ ಡಬ್ಬಿಯಲ್ಲಿವೆ. ಡಬ್ಬಿಯ ಅಡಿಯಲ್ಲಿ ನಾಲ್ಕು ಕಾಲು, ಒಂದರ ಪಕ್ಕ ಅರ್ಧಚಂದ್ರ, ಒಂದರ ಪಕ್ಕ ಚೌಕ, ಒಂದರ ಪಕ್ಕ ತ್ರಿಕೋನ, ಇನ್ನೊಂದರ ಪಕ್ಕ ಏನೂ ಇಲ್ಲ. ಯಾವ ಕಾಲು ಯಾವುದು ಅಂತ ತಿಳಿಯೋಕೆ ಭಾಷೆಯೇ ಬೇಡ.

ಒಳಗಿರೋದು ಅಲ್ಯುಮಿನಿಯಂ ಹಾಳೆ, ಕಾಗದ, ಮತ್ತೆ ಒಂದು ದ್ರವ. ಹಾಳೆಯ ಮೇಲೆ ಆಕ್ಸೈಡಿನ ಒಂದು ಪೊರೆ. ಆ ಪೊರೆ ಒಂದು ಮೈಕ್ರಾನಿಗಿಂತಲೂ ತೆಳು, ನಾನೂರು ಚಿಲ್ಲರೆ ವೋಲ್ಟನ್ನು ತಡೆದು ನಿಲ್ಲಿಸಿರೋದು ಅದೇ. ವರ್ಷಗಳು ಹೋದ ಹಾಗೆ ದ್ರವ ಒಣಗುತ್ತೆ. ಕರೆಂಟೇ ಕಾಣದೆ ಸುಮ್ಮನಿಟ್ಟರೆ ಪೊರೆ ಸವೆಯುತ್ತೆ. ವೋಲ್ಟೇಜು ಬೀಳ್ತಾ ಇದ್ದರೆ ಅದು ತನ್ನನ್ನು ತಾನೇ ಸರಿಮಾಡಿಕೊಳ್ತಾ ಇರುತ್ತೆ. ದಿನಾ ಓಡಾಡುವ ಮುದುಕರಿಗೂ ಹಾಸಿಗೆ ಹಿಡಿದವರಿಗೂ ವ್ಯತ್ಯಾಸ ಇರುತ್ತಲ್ಲ, ಹಾಗೆ. ಇನ್ನು ಬಿಸಿ. ಹತ್ತು ಡಿಗ್ರಿ ಬಿಸಿ ಏರಿದರೆ ಇದರ ಆಯಸ್ಸು ಅರ್ಧ ಅನ್ನೋದು ಈ ಕೆಲಸದವರ ಅಂದಾಜು ಲೆಕ್ಕ. ಇಲ್ಲಿ ಡಬ್ಬಿ ನಿಂತಿರೋದು ವಾಲ್ವುಗಳ ಪಕ್ಕ, ಅಂದರೆ ಒಲೆ ಪಕ್ಕ.

ಪಾಪ, ಅಷ್ಟಾದರೂ ಐವತ್ತೆರಡು ವರ್ಷ ದುಡಿದಿದೆ. ಈ ಡಬ್ಬಿ ಮೂಲದ್ದೇ ಅಂತ ಹೇಗೆ ಗೊತ್ತು ಅಂದರೆ, ಅದನ್ನು ಹಿಡಿದಿಟ್ಟ ಬೆಸುಗೆ ಕದಲಿಲ್ಲ. ಪೆಟ್ಟಿಗೆಯ ವಯಸ್ಸೂ ಒಳಗೇ ಬರೆದಿದೆ. ವಾಲ್ಯೂಮಿನ ಪಾಟ್ ಹಿಂದೆ 1377218 ಅಂತ ಒತ್ತಿದ್ದಾರೆ. 137 ಅಂದರೆ ಸಿಟಿಎಸ್ ಕಂಪನಿ, 72 ಅಂದರೆ ವರ್ಷ, 18 ಅಂದರೆ ವಾರ. ವೈಟುಕೆ ಗಲಾಟೆ ನೆನಪಿರೋರಿಗೆ ಎರಡಂಕಿಯ ವರ್ಷ ನೋಡಿ ನಗು ಬರಬಹುದು.

ಡಬ್ಬಿಯ ಅಡಿಯಲ್ಲಿ ರಬ್ಬರು ಉಬ್ಬಿ ಬಿಳೀ ಹುಡಿ ಕಟ್ಟಿತ್ತು. ಪ್ಲಗ್ ಕಿತ್ತು, ಚಾರ್ಜು ಇಳಿಸಿ, ಮೀಟರ್ ಇಟ್ಟು ನೋಡಿದೆ. ಒಂದು ತೊಟ್ಟಿ 21 ಮೈಕ್ರೋಫ್ಯಾರಡ್, ಒಂದು 18, ಒಂದು 11, ಒಂದು 7. ಅಜ್ಜ ಮೊದಲೆರಡನ್ನು ಹಿಡಿದುಕೊಂಡರು. "ಅವೆರಡು ಚೆನ್ನಾಗೇ ಇವೆಯಲ್ಲ?" ನಮ್ಮ ಆಫೀಸಿನ ಭಾಷೆಯಲ್ಲಿ ಹೇಳಬೇಕಂದ್ರೆ ಅದು ಯೂನಿಟ್ ಟೆಸ್ಟು, ಪ್ರೊಡಕ್ಷನ್ ಅಲ್ಲ. ಮೀಟರು ಪರೀಕ್ಷೆ ಮಾಡೋದು ಒಂದೆರಡು ವೋಲ್ಟಿನಲ್ಲಿ. ಒಳಗೆ ಬೀಳೋದು ನಾನೂರಕ್ಕೂ ಮೇಲೆ. ಮತ್ತೆ ನಾಲ್ಕೂ ಒಂದೇ ಡಬ್ಬಿಯಲ್ಲಿ ಒಂದೇ ವಯಸ್ಸಿನವು.

ನಾನು ಹೇಳಿದೆ, "ಕಂಡೆನ್ಸರ್ ಹೋಗಿದೆ, ಅಷ್ಟೇ. ಬದಲಾಯಿಸಿದ್ರೆ ಆಯ್ತು."

ಅಜ್ಜ ಬೇಡ ಅಂದರು.

ನನಗೆ ಆಶ್ಚರ್ಯ. ಆಮೇಲೆ ಕಾರಣ ಹೇಳಿದರು. ಹಳೇ ಗಿಟಾರು ಮಾರುವ ವ್ಯಾಪಾರಿ ಒಬ್ಬ ಒಮ್ಮೆ ಮನೆಗೆ ಬಂದು ನೋಡಿದ್ದನಂತೆ. ಒಂದು ಬೆಸುಗೆಯೂ ಬಿಚ್ಚದ ಪೆಟ್ಟಿಗೆಗೆ ಒಂದು ಬೆಲೆ, ಯಾರಾದರೂ ಕೈ ಹಾಕಿದ್ದಕ್ಕೆ ಇನ್ನೊಂದು ಬೆಲೆ, ಹಾಗಾಗಿ ಏನೂ ಮುಟ್ಟಬೇಡಿ ಅಂದುಹೋಗಿದ್ದ. ಅಜ್ಜನಿಗೆ ದುಡ್ಡಿನ ಆಸೆಗಿಂತ ಹೆಚ್ಚಾಗಿ ಆ 'ಒರಿಜಿನಲ್' ಅನ್ನೋ ಮಾತು ಅಂಟಿಕೊಂಡಿತ್ತು. "ನನ್ನ ಮೊಣಕಾಲು ಒರಿಜಿನಲ್ ಅಲ್ಲ, ಹಲ್ಲು ಒರಿಜಿನಲ್ ಅಲ್ಲ. ಈ ಮನೇಲಿ ಒರಿಜಿನಲ್ ಆಗಿ ಉಳಿದಿರೋದು ಇದೊಂದೇ" ಅಂದರು. ತಮಾಷೆಗೆ ಹೇಳಿದ್ದು, ಪೂರ್ತಿ ತಮಾಷೆ ಅಲ್ಲ.

ಈ ಮಾತಿಗೆ ಏನು ಹೇಳೋದು? ಅವತ್ತು ಸುಮ್ಮನೆ ಎದ್ದು ಬಂದೆ. ಆದರೆ ತಲೆಯಲ್ಲಿ ಉಳಿಯಿತು.

ನಮ್ಮ ಅಜ್ಜನ ಮನೆ ಸೋಗೆ ಮನೆಯಾಗಿತ್ತು. ಮಲೆನಾಡಿನವರಿಗೆ ವಿವರಿಸಬೇಕಿಲ್ಲ. ಉಳಿದವರಿಗೆ: ಅಡಿಕೆ ಮರದ ಗರಿಯನ್ನು ಹೆಣೆದು ಹೊದೆಸಿದ ಮಾಡು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹಳೇದನ್ನು ಎಳೆದು ಹಾಕಿ ಹೊಸ ಸೋಗೆ ಹೊದೆಸಬೇಕು. ಊರಿನ ಹತ್ತು ಜನ ಸೇರುತ್ತಾರೆ, ಒಂದೇ ದಿನದಲ್ಲಿ ಮನೆಯ ತಲೆ ಹೊಸದಾಗುತ್ತೆ. ಕಂಬಗಳು ಮಾತ್ರ ನನ್ನ ಅಜ್ಜನ ಅಪ್ಪ ನಿಲ್ಲಿಸಿದ್ದು. ಹೊಸ ಸೋಗೆ ಬಿದ್ದ ಮೇಲೆ ಯಾರೂ "ಈ ಮನೆ ಒರಿಜಿನಲ್ ಅಲ್ಲ" ಅಂತ ಹೇಳಿದ್ದನ್ನು ನಾನು ಕೇಳಿಲ್ಲ. ಒಂದು ವರ್ಷ ಸೋಗೆ ಹೊದೆಸದೆ ಬಿಟ್ಟರೆ ಆ ಕಂಬಕ್ಕೆ ನೀರು ಇಳಿಯುತ್ತೆ. ಹಳೇ ಕಂಬ ಹಳೇದಾಗಿಯೇ ಉಳಿಯಬೇಕು ಅಂದರೆ ಸೋಗೆ ಹೊಸದಾಗ್ತಾ ಇರಬೇಕು.

ಈ ಪೆಟ್ಟಿಗೆಯಲ್ಲಿ ಕಂಬ ಯಾವುದು? ಟ್ರಾನ್ಸ್‌ಫಾರ್ಮರು. ತಾಮ್ರದ ತಂತಿ, ಕಬ್ಬಿಣದ ಪಟ್ಟಿ. ಸುಡದೆ ಇದ್ದರೆ ಇನ್ನೂ ಐವತ್ತು ವರ್ಷ ಅದು ಹಾಗೇ ಇರುತ್ತೆ. ಫಿಲ್ಟರ್ ಕಂಡೆನ್ಸರ್ ಒಳಗೊಳಗೇ ಶಾರ್ಟ್ ಆದರೆ ಫ್ಯೂಸು ಹೋಗಬೇಕು. ಫ್ಯೂಸು ಸರಿಯಾದದ್ದಲ್ಲದಿದ್ದರೆ, ಇಲ್ಲವೇ ಶಾರ್ಟು ಅರ್ಧಂಬರ್ಧ ಇದ್ದರೆ, ಹೋಗೋದು ಟ್ರಾನ್ಸ್‌ಫಾರ್ಮರು. ಕಡಿಮೆ ಬೆಲೆಯ ಡಬ್ಬಿಯನ್ನು ಉಳಿಸೋಕೆ ಹೋಗಿ, ಇನ್ನೊಂದು ಸಿಗದೇ ಇರೋದನ್ನು ಕಳೆದುಕೊಂಡ ಹಾಗೆ.

ಮುಂದಿನ ವಾರ ಇದನ್ನೇ ಅಜ್ಜನಿಗೆ ಹೇಳಿದೆ. ಸೋಗೆ ಅಂದರೆ ಏನು ಅಂತ ಮೊಬೈಲಿನಲ್ಲಿ ಫೋಟೋ ತೋರಿಸಬೇಕಾಯ್ತು. ಅವರು ಸ್ವಲ್ಪ ಹೊತ್ತು ಫೋಟೋ ನೋಡಿ ಕೇಳಿದರು, "ಇದರಿಂದ ಅವಳಿಗೆ ಶಾಕ್ ಹೊಡೆಯುತ್ತಾ?"

ಹೆದರಿಸಿ ಒಪ್ಪಿಸಬಹುದಿತ್ತು. ಆದರೆ ಇದ್ದದ್ದನ್ನೇ ಹೇಳಿದೆ: ಇಲ್ಲ. ಮೂರು ಪಿನ್ನಿನ ವಯರು ಇದೆ, ಅರ್ತು ಸರಿ ಇದೆ, ನೋಡಿದ್ದೀನಿ. ಅವಳಿಗೆ ಏನೂ ಆಗಲ್ಲ. ಆಗೋದು ಪೆಟ್ಟಿಗೆಗೆ. ಆದರೆ ಅವಳು ಅದನ್ನು ಬಿಚ್ಚಿ ನೋಡಲ್ಲ. 120 ಹರ್ಟ್ಸಿನ ಗುಂಯ್ ಕೇಳಿಸಿದರೆ ಹಳೇದು ಹೀಗೇ ಅಂದುಕೊಳ್ತಾಳೆ. ಸ್ವಿಚ್ ಹಾಕ್ತಾಳೆ, ನುಡಿಸ್ತಾಳೆ, ಒಂದು ದಿನ ರೂಮು ತುಂಬ ಸುಟ್ಟ ವಾಸನೆ. ತಾತ ಐವತ್ತು ವರ್ಷ ಕಾಪಾಡಿದ್ದನ್ನು ತಾನು ಮೂರು ತಿಂಗಳಲ್ಲಿ ಹಾಳುಮಾಡಿದೆ ಅಂತ ಅವಳು ತಿಳ್ಕೊಳ್ತಾಳೆ.

ಅಜ್ಜ ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಸ್ಕ್ರೂಡ್ರೈವರ್ ಡಬ್ಬ ತಂದು ಮೇಜಿನ ಮೇಲೆ ಇಟ್ಟರು.

ಕೆಲಸದ ವಿಷಯ ಹೇಳುವ ಮೊದಲು ಒಂದು ಎಚ್ಚರಿಕೆ. ಪ್ಲಗ್ ಕಿತ್ತರೂ ತೊಟ್ಟಿಯಲ್ಲಿ ನೀರು ಇರುತ್ತೆ. ನಾಲ್ಕೂ ಸೇರಿ 80 ಮೈಕ್ರೋಫ್ಯಾರಡ್, 400 ವೋಲ್ಟಿಗೆ ಲೆಕ್ಕ ಹಾಕಿದರೆ ಆರೂವರೆ ಜೂಲ್ ಹತ್ತಿರ. ಸಂಖ್ಯೆ ಸಣ್ಣದು. ಒಂದು ಕೈಯಿಂದ ಇನ್ನೊಂದು ಕೈಗೆ ಎದೆ ದಾಟಿ ಹೋದರೆ ಸಣ್ಣದಲ್ಲ. ನಮ್ಮ ಚಿಕ್ಕಪ್ಪ ಊರಿನಲ್ಲಿ ಪಂಪ್‌ಸೆಟ್ಟು, ರೇಡಿಯೋ ರಿಪೇರಿ ಮಾಡ್ತಿದ್ದರು. ಅವರು ನನಗೆ ಕಲಿಸಿದ ಮೊದಲ ಪಾಠ ಓಮ್ಸ್ ಲಾ ಅಲ್ಲ, "ಎಡಗೈ ಜೇಬಲ್ಲಿಡು" ಅನ್ನೋದು. ಇವತ್ತಿಗೂ ಬಿಚ್ಚಿದ ಪೆಟ್ಟಿಗೆ ಮುಂದೆ ನಿಂತರೆ ನನ್ನ ಎಡಗೈ ತಾನಾಗೇ ಜೇಬು ಹುಡುಕುತ್ತೆ. ಚಾರ್ಜು ಇಳಿಸೋಕೆ ಸ್ಕ್ರೂಡ್ರೈವರ್ ಅಡ್ಡ ಹಿಡಿದು ಚಟ್ ಅನ್ನಿಸೋದು ಊರಿನ ಪದ್ಧತಿ, ಅದು ಬೇಡ. 100 ಕಿಲೋಓಮ್, 5 ವ್ಯಾಟಿನ ಒಂದು ರೆಸಿಸ್ಟರಿಗೆ ಎರಡು ಕ್ಲಿಪ್ಪು ಹಾಕಿ, ಒಂದನ್ನು ಚಾಸಿಗೆ, ಇನ್ನೊಂದನ್ನು ಕಂಡೆನ್ಸರಿನ ಕಾಲಿಗೆ. 80 ಮೈಕ್ರೋಫ್ಯಾರಡ್ ಗುಣಿಸು 100 ಕಿಲೋಓಮ್, 8 ಸೆಕೆಂಡು. ಅದರ ಐದು ಪಟ್ಟು ಕಾದರೆ ಹೆಚ್ಚುಕಡಿಮೆ ಸೊನ್ನೆ. ನಾನು ಪೂರ್ತಿ ಎರಡು ನಿಮಿಷ ಕಾದೆ, ಆಮೇಲೆ ನಾಲ್ಕೂ ಕಾಲಿಗೆ ಮೀಟರ್ ಇಟ್ಟು ಸೊನ್ನೆ ಕಂಡ ಮೇಲೇ ಕೈ ಹಾಕಿದ್ದು. ಲೆಕ್ಕ ಸರಿ ಇದ್ದರೂ ಮೀಟರಿನಲ್ಲಿ ನೋಡಬೇಕು. ಯೂಟ್ಯೂಬ್ ನೋಡಿ ಇದಕ್ಕೆ ಹೊರಡೋ ಉತ್ಸಾಹ ಯಾರಿಗಾದರೂ ಬಂದರೆ, ಮೊದಲ ಸಲ ಗೊತ್ತಿರೋರ ಪಕ್ಕ ಕೂತು ಮಾಡಿ.

ಡಬ್ಬಿಯನ್ನು ತೆಗೆಯೋದು ಸುಲಭ ಅಲ್ಲ. ಅದರ ಅಂಚಿನ ಕಿವಿಗಳನ್ನು ಚಾಸಿಗೇ ಬೆಸುಗೆ ಹಾಕಿರುತ್ತಾರೆ, ಆ ಕಬ್ಬಿಣದ ತಗಡು ಬಿಸಿಯನ್ನೆಲ್ಲ ಕುಡಿದುಬಿಡುತ್ತೆ. ಮೊಬೈಲ್ ರಿಪೇರಿಯ ಸಣ್ಣ ಐರನ್ನಿಗೆ ಅದು ಜಗ್ಗಲ್ಲ, ನೂರು ವ್ಯಾಟಿನ ಮೇಲಿನದು ಬೇಕು. ಬಿಚ್ಚುವ ಮುಂಚೆ ನಾಲ್ಕು ಕಡೆಯಿಂದ ಫೋಟೋ ತೆಗೆದು, ಯಾವ ತಂತಿ ಅರ್ಧಚಂದ್ರಕ್ಕೆ, ಯಾವುದು ಚೌಕಕ್ಕೆ ಅಂತ ಚೀಟಿ ಕಟ್ಟಿದೆ.

ಹೊಸದಾಗಿ ಅದೇ ಆಕಾರದ ನಾಲ್ಕು ತೊಟ್ಟಿಯ ಡಬ್ಬಿ ಇವತ್ತಿಗೂ ತಯಾರಾಗುತ್ತೆ. ಬೇಕಿದ್ದರೆ ಬಿಡಿ ಕಂಡೆನ್ಸರುಗಳನ್ನೂ ಹಾಕಬಹುದು. ಈಗಿನವು ಎಷ್ಟು ಸಣ್ಣ ಅಂದರೆ ನಾಲ್ಕು ಸೇರಿಸಿದರೂ ಹಳೇ ಡಬ್ಬಿಯಷ್ಟು ಆಗಲ್ಲ. ನಾನು ಬಿಡಿಯಾದವನ್ನೇ ಆರಿಸಿದೆ, 22 ಮೈಕ್ರೋಫ್ಯಾರಡ್, 500 ವೋಲ್ಟು. ಇಲ್ಲಿ ನಮ್ಮಂಥ ಸಾಫ್ಟ್‌ವೇರಿನವರಿಗೆ ಒಂದು ಆಸೆ ಹುಟ್ಟುತ್ತೆ. ಇಪ್ಪತ್ತರ ಜಾಗದಲ್ಲಿ ನೂರು ಹಾಕಿದರೆ? ರ‍್ಯಾಮ್ ಜಾಸ್ತಿ ಹಾಕಿದ ಹಾಗೆ ಗುಂಯ್ ಇನ್ನೂ ಕಡಿಮೆ ಆಗುತ್ತಲ್ಲ? ಆಗುತ್ತೆ. ಆದರೆ ಇಲ್ಲಿ ಪಂಪು ಕೂಡ ಒಂದು ವಾಲ್ವೇ, 5ಯು4ಜಿಬಿ ಅಂತ. ತೊಟ್ಟಿ ದೊಡ್ಡದಾದಷ್ಟೂ ಪಂಪು ಒಂದೊಂದು ಸಲಕ್ಕೆ ಎತ್ತಬೇಕಾದ ಭಾರ ಹೆಚ್ಚು. ಅದರ ಡೇಟಾಶೀಟಿನಲ್ಲಿ ಮೊದಲ ತೊಟ್ಟಿಗೆ 40 ಮೈಕ್ರೋಫ್ಯಾರಡ್ ಅಂತ ಕೊಟ್ಟಿದ್ದಾರೆ. ಅಲ್ಲದೆ ಜೋರಾಗಿ ತಂತಿ ಮೀಟಿದಾಗ ತೊಟ್ಟಿ ಒಂದು ಕ್ಷಣ ಬತ್ತಿ, ದನಿ ಸ್ವಲ್ಪ ಕುಗ್ಗಿ, ಮತ್ತೆ ತುಂಬಿಕೊಳ್ಳುತ್ತಲ್ಲ, ಈ ಪೆಟ್ಟಿಗೆಯ ಉಸಿರಾಟ ಅದೇ. ನುಡಿಸುವವರು ಅದಕ್ಕಾಗಿಯೇ ಇದನ್ನು ಇಟ್ಟುಕೊಳ್ಳೋದು. ತೊಟ್ಟಿ ಐದು ಪಟ್ಟು ದೊಡ್ಡದು ಮಾಡಿದರೆ ಆ ಉಸಿರು ಹೋಗುತ್ತೆ. ವೋಲ್ಟು ಮಾತ್ರ ಧಾರಾಳವಾಗಿರಲಿ. ಸ್ವಿಚ್ ಹಾಕಿದಾಗ ರೆಕ್ಟಿಫೈಯರು ಬೇಗ ಕಾಯುತ್ತೆ, ಉಳಿದ ವಾಲ್ವುಗಳು ನಿಧಾನ. ನಲ್ಲಿ ತೆರೆಯುವ ಮುಂಚೆ ತೊಟ್ಟಿ ಉಕ್ಕುತ್ತೆ, ವೋಲ್ಟು 450 ದಾಟುತ್ತೆ.

ಜೊತೆಗೆ ಬಯಾಸ್‌ನ ಸಣ್ಣ ಕಂಡೆನ್ಸರನ್ನೂ ಬದಲಾಯಿಸಿದೆ. ಅದು ಚಿಕ್ಕದು, ಆದರೆ ಅದು ಸತ್ತರೆ ದೊಡ್ಡ ವಾಲ್ವುಗಳಿಗೆ ಕಡಿವಾಣ ತಪ್ಪಿ ಕೆಂಪಗೆ ಕಾದು ಹೋಗುತ್ತವೆ. ಅಲ್ಲಿ ವೋಲ್ಟೇಜು ಮೈನಸ್ಸು, ಹಾಗಾಗಿ ಕಂಡೆನ್ಸರಿನ ಪ್ಲಸ್ ತುದಿ ಚಾಸಿಗೆ ಹೋಗಬೇಕು. ನೋಡಿದರೆ ಉಲ್ಟಾ ಅನಿಸುತ್ತೆ, ಆದರೆ ಅದೇ ಸರಿ. ಸಿಗ್ನಲ್ ದಾರಿಯಲ್ಲಿರೋ ಪ್ಲಾಸ್ಟಿಕ್ ಹಾಳೆಯ ಕಂಡೆನ್ಸರುಗಳನ್ನು ಮುಟ್ಟಲಿಲ್ಲ. ಅವುಗಳಲ್ಲಿ ಒಣಗೋಕೆ ದ್ರವವೇ ಇಲ್ಲ. ಎಲ್ಲವನ್ನೂ ಕಿತ್ತು ಹೊಸದು ಹಾಕೋದು ರಿಪೇರಿ ಅಲ್ಲ. ಯಾವುದು ಸೋಗೆ, ಯಾವುದು ಕಂಬ ಅಂತ ಬೇರೆ ಮಾಡೋದೇ ಅರ್ಧ ಕೆಲಸ.

ಮೊದಲ ಸಲ ಸ್ವಿಚ್ ಹಾಕುವಾಗ ನೇರ ಗೋಡೆ ಕರೆಂಟು ಕೊಡಲಿಲ್ಲ. ನಡುವೆ ಸಾಲಾಗಿ ಒಂದು ಹಳೇ ತಂತಿ ಬಲ್ಬು, 60 ವ್ಯಾಟಿನದ್ದು. ಎಲ್‌ಇಡಿ ಇದಕ್ಕೆ ಬರಲ್ಲ. ಒಳಗೆ ಶಾರ್ಟ್ ಇದ್ದರೆ ಬಲ್ಬು ಝಗ್ಗನೆ ಉರಿದು ನಿಲ್ಲುತ್ತೆ, ಪೆಟ್ಟಿಗೆ ಬಚಾವ್. ಎಲ್ಲ ಸರಿ ಇದ್ದರೆ ಒಂದು ಸಲ ಬೆಳಗಿ ಮಂಕಾಗುತ್ತೆ. ಅಜ್ಜ ಅದನ್ನು ನೋಡಿ ಹುಬ್ಬೇರಿಸಿದರು. ತಾವು ಚಿಕ್ಕವರಿದ್ದಾಗ ತಮ್ಮೂರಿನ ರೇಡಿಯೋ ಅಂಗಡಿಯವನು ಇದೇ ಬಲ್ಬು ಇಟ್ಟುಕೊಂಡಿದ್ದನಂತೆ. ಚಿಕ್ಕಪ್ಪನ ಮೇಜಿನ ಮೇಲೂ ಇತ್ತು, ಮರದ ಹಲಗೆಗೆ ಹೊಡೆದ ಹೋಲ್ಡರು, ಸೀರೀಸ್ ಬೋರ್ಡ್ ಅಂತ ಹೆಸರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಕಲಿತವರಲ್ಲ.

ಬಲ್ಬು ಬೆಳಗಿತು, ಮಂಕಾಯಿತು. ಒಂದಿಷ್ಟು ಹೊತ್ತು ಹಾಗೇ ಬಿಟ್ಟು, ವೋಲ್ಟೇಜು ನೋಡಿ, ಬಲ್ಬು ತೆಗೆದು, ಪೂರ್ತಿ ಕರೆಂಟು ಕೊಟ್ಟೆ. ಕೆಂಪು ಹರಳು ಹೊತ್ತಿತು. ವಾಲ್ವುಗಳು ಕಾದವು. ದನಿಯೇ ಇಲ್ಲ. ಅಜ್ಜ ಗಾಬರಿಯಿಂದ ಕೇಳಿದರು, "ಆನ್ ಆಗಿದ್ಯಾ?" ಆಗಿತ್ತು. ಇಷ್ಟು ದಿನ ಪೆಟ್ಟಿಗೆ ಜೀವಂತ ಇದೆ ಅನ್ನೋದಕ್ಕೆ ಅವರಿಗೆ ಗುರುತಾಗಿದ್ದದ್ದು ಆ ಗುಂಯ್ ಅನ್ನೋ ಕಾಯಿಲೆಯೇ.

ಮೊಮ್ಮಗಳಿಗೆ ಫೋನ್ ಹೋಯ್ತು. ಶನಿವಾರ ಬಂದು ಗಿಟಾರು ಚುಚ್ಚಿ, ತುಂಬಾ ಮೆಲ್ಲಗೆ ಒಂದು ತಂತಿ ಮೀಟಿ, ಅದು ಪೂರ್ತಿ ಆರುವವರೆಗೆ ಸುಮ್ಮನೆ ಕೂತಳು. ಗುಂಯ್ ಇದ್ದಾಗ ಆ ಕೊನೆಯ ಎರಡು ಸೆಕೆಂಡು ಕೇಳಿಸುತ್ತಿರಲಿಲ್ಲ. ನನಗೆ ಗಿಟಾರು ತಿಳಿಯಲ್ಲ, ಆದರೆ 0.48 ಅಂದರೆ ಏನು ಅಂತ ಅವತ್ತು ತಿಳಿಯಿತು.

ಹಳೇ ಡಬ್ಬಿಯನ್ನು ಬಿಸಾಡಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಪೆಟ್ಟಿಗೆಯ ಒಳಗೋಡೆಗೆ ಅಂಟಿಸಿದ್ದೇವೆ. ಮುಂದೆ ಯಾವ ವ್ಯಾಪಾರಿಗಾದರೂ ಒರಿಜಿನಲ್ ಬೇಕಿದ್ದರೆ ಅಲ್ಲೇ ಇದೆ, ನೋಡಿಕೊಳ್ಳಲಿ. ಪಕ್ಕದಲ್ಲಿ ಒಂದು ಚೀಟಿ: ಯಾವ ತಿಂಗಳು ಬದಲಾಯಿಸಿದ್ದು, ಎಷ್ಟು ಮೈಕ್ರೋಫ್ಯಾರಡ್, ಎಷ್ಟು ವೋಲ್ಟು, ಬೇರೆ ಏನನ್ನೂ ಮುಟ್ಟಿಲ್ಲ. ನಾನು ಹಾಕಿದ ಕಂಡೆನ್ಸರುಗಳೂ ಸಾಯುವವೇ, ಇನ್ನು ಇಪ್ಪತ್ತು ವರ್ಷಕ್ಕೋ ಮೂವತ್ತಕ್ಕೋ. ಆಗ ಬಿಚ್ಚುವವರಿಗೆ ಹುಡುಕಾಟ ತಪ್ಪಲಿ. ಆಫೀಸಿನಲ್ಲಿ ಕಮಿಟ್ ಮೆಸೇಜು ಸರಿಯಾಗಿ ಬರೀರಿ ಅಂತ ಜೂನಿಯರುಗಳಿಗೆ ಹೇಳಿ ಹೇಳಿ ಅಭ್ಯಾಸವಾದ ಕೈ.

ನಿಮ್ಮ ಮನೆಯಲ್ಲಿ ವಾಲ್ವಿನ ಆಂಪ್ಲಿಫೈಯರು ಇರಲಿಕ್ಕಿಲ್ಲ. ಆದರೆ ನಿಧಾನ ತಿರುಗುವ ಒಂದು ಫ್ಯಾನು ಇರಬಹುದು. ಅದರ ಕಂಡೆನ್ಸರು ಬೇರೆ ಜಾತಿಯದು, ಕೆಲಸವೂ ಬೇರೆ, ಆದರೂ ಮೊದಲು ಸೋಲೋದು ಅಲ್ಲೂ ಅದೇ. ಫ್ಯಾನಿನ ಮೇಲೆ 2.5 ಮೈಕ್ರೋಫ್ಯಾರಡ್ ಅಂತಲೋ 3.15 ಅಂತಲೋ ಬರೆದಿರುತ್ತೆ. ಹೊಸ ಫ್ಯಾನಿಗೆ ಆರ್ಡರ್ ಹಾಕೋ ಮೊದಲು ಬೀದಿ ಕೊನೆಯ ಎಲೆಕ್ಟ್ರಿಕ್ ಅಂಗಡಿಯವನನ್ನು ಒಂದು ಮಾತು ಕೇಳಿ. ಅವನು ಏನು ಹೇಳ್ತಾನೆ ಅಂತ ನಿಮಗೀಗ ಗೊತ್ತು.